ಹಗ್ಗ ಹಿಡಿದವರ ಪಾಲು

ಮೇ ೪, ಭಾನುವಾರ

ಸ್ವಸ್ತಿ ಶ್ರೀ. ಅಂಕೋಲೆಯ ಸಮಸ್ತ ಮನೆಗಳ ಕರೆಗಂಟೆ ಒತ್ತಿ ಓಡಿಹೋದ ಖ್ಯಾತಿಯುಳ್ಳ, ಐಟಿಐ ಪರೀಕ್ಷೆಯನ್ನು ಎರಡು ಸಲ ಎದುರಿಸಿ ಎರಡು ಸಲವೂ ಗೌರವದಿಂದ ಹಿಮ್ಮೆಟ್ಟಿದ ರೂಪೇಶನೆಂಬ ನಾನು, ಇಂದಿನಿಂದ ಬಿಣಗಾದ ಹಿರಿಯರ ವಸತಿಗೆ ಘಂಟಾಧಿಪತಿಯಾಗಿ ಪಟ್ಟವೇರಿದ್ದೇನೆ. ಕಿರೀಟದ ಬದಲು ಬೀಗದಕೈಗಳ ಗೊಂಚಲು, ಸಿಂಹಾಸನದ ಬದಲು ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿ. ಗಂಟೆ ಬಾರಿಸಿ ಓಡಿಹೋಗುತ್ತಿದ್ದವನು ಇನ್ನು ಮೇಲೆ ಗಂಟೆ ಬಾರಿಸಿದಲ್ಲಿಗೆ ಓಡಿಹೋಗಬೇಕು. ಕರ್ಮ ಎಂಬುದು ಇಷ್ಟು ಕರಾರುವಾಕ್ಕಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಆಯಿ ಮಾತ್ರ, "ನಿನ್ನ ಹಣೇಲಿ ಗಂಟೇನೇ ಬರ್ದದೆ, ಹೋಗು" ಎಂದು ಆಶೀರ್ವದಿಸಿ ಬಸ್ಸು ಹತ್ತಿಸಿದಳು.

ರಾಜ್ಯದ ವಿಸ್ತೀರ್ಣ: ಹೆದ್ದಾರಿಯಿಂದ ಒಳಕ್ಕೆ, ಗುಡ್ಡದ ಬುಡದಲ್ಲಿ ಒಂದೇ ಸಾಲಿನ ಕೋಣೆಗಳು. ಕೋಣೆಗೊಬ್ಬರು ಮುದುಕರು. ಅವರವರದೇ ಒಲೆ, ಅವರವರದೇ ಬಾಗಿಲು. ಮಂಚದ ಪಕ್ಕದಲ್ಲೊಂದು, ಬಚ್ಚಲಲ್ಲೊಂದು ಕೆಂಪು ಹಗ್ಗ ನೆಲಕ್ಕೆ ತಾಗುವಂತೆ ಇಳಿಬಿದ್ದಿದೆ. ಎಳೆದರೆ ಆಫೀಸಿನ ಹಲಗೆಯ ಮೇಲೆ ಆ ಕೋಣೆಯ ದೀಪ ಹೊತ್ತಿ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಒಂದು ಡಬ್ಬಿ ಕಿರುಚುತ್ತದೆ. ಕೂಡಲೇ ನಾನು ಓಡಬೇಕು. ಅಲ್ಲಿಗೆ ರಾಜಕಾರ್ಯ ಮುಗಿಯಿತು.

ಇದನ್ನೆಲ್ಲ ಕೂರಿಸಿದ್ದು ಏಳನೇ ಕೋಣೆಯ ರಾಮಾ ನಾಯ್ಕರು ತೀರಿಕೊಂಡ ಮೇಲೆ. ಹೊರಗಿನಿಂದ ಮಾಸ್ಟರ್ ಕೀ ತಿರುಗಿತಂತೆ, ಆದರೆ ಬಾಗಿಲು ಜಗ್ಗಲಿಲ್ಲವಂತೆ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಒಡೆದು ಒಳಗೆ ಹೋಗುವಷ್ಟರಲ್ಲಿ ಅವರು ಹೋಗಿ ಬಹಳ ಹೊತ್ತಾಗಿತ್ತು. ಆ ಬಾಗಿಲಿಗೆ ಈಗ ಹೊಸ ಬಣ್ಣ. ನನ್ನ ಸಿಂಹಾಸನದಿಂದ ನೇರವಾಗಿ ಅದೇ ಕಾಣುತ್ತದೆ.

ಸಿಂಹಾಸನವನ್ನು ಆ ಕಡೆಗೆ ಬೆನ್ನು ಮಾಡಿ ಇಟ್ಟೆ.

ಮೇ ೭, ಬುಧವಾರ

ಪ್ರಥಮ ಘಂಟಾನಾದ! ಐದನೇ ಕೋಣೆ. ಔಷಧದ ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಜಗಲಿಯಲ್ಲಿ ಒಂದು ಚಪ್ಪಲಿ ಹುತಾತ್ಮವಾಯಿತು.

ಐದನೇ ಕೋಣೆಯ ನಿವಾಸಿ ಗಂಗೂ. ಮಂಜಗುಣಿಯ ಹರಿಕಾಂತರ ಹೆಂಗಸು, ಆಯುಷ್ಯವಿಡೀ ತಲೆಯ ಮೇಲೆ ಮೀನುಬುಟ್ಟಿ ಹೊತ್ತವಳು. ಗಂಡ ಸೋಮು ಇಲ್ಲ, ಮಕ್ಕಳಾಗಲಿಲ್ಲ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿರುವ ತಂಗಿಯ ಮಗಳು ಮನಿಷಾ ಇಲ್ಲಿ ತಂದು ಸೇರಿಸಿದ್ದು. ನಾನು ಬಾಗಿಲು ತಳ್ಳಿದಾಗ ಅಜ್ಜಿ ಮಂಚದ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬಾಳೆಲೆಯ ತುಂಡಿನಲ್ಲಿ ಕರಿದ ಬಂಗಡೆ. ಹಬೆಯಾಡುತ್ತಿತ್ತು.

"ಎಂತಾ ಆಯ್ತು ಅಜ್ಜಿ?"

"ಎದೆ ಸ್ವಲ್ಪ ಹಿಡ್ದಂಗೆ ಆಗಿತ್ತು. ಈಗ ಬಿಡ್ತು. ನೀ ಕುಂತ್ಕ ತಮಾ. ಓಡ್ಕಂಡ್ ಬಂದಿದ್ಯಲಾ, ತಿನ್ನು."

"ಡ್ಯೂಟಿ ಮೇಲೆ ಲಂಚ ತಿನ್ನೂದು ಅಪರಾಧ ಅಜ್ಜಿ."

"ಲಂಚ ಅಲ್ಲಾ ಮಾರಾಯಾ, ಬಂಗ್ಡೆ."

ಅಷ್ಟರಲ್ಲಿ ಆರನೇ ಕೋಣೆಯ ದತ್ತಜ್ಜ ವಾಕರ್ ಕುಟ್ಟಿಕೊಂಡು ಬಾಗಿಲಿಗೆ ಬಂದ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಈಗಲೂ ತಿರುವಿನಲ್ಲಿ ಬಾಯಲ್ಲೇ ಹಾರ್ನ್ ಹೊಡೆಯುತ್ತಾನೆ. "ಇನ್ನು ದಿನಾ ಬೆಲ್ಲು ಹೊಡೀತಾಳೆ ನೋಡು ಇವ್ಳು. ಏ ಗಂಗೂ, ನಾನೂ ಬಂದೆ. ನಂಗೆ?"

"ಬಂದೋರಿಗೆಲ್ಲಾ ಅದೆ" ಎಂದು ಅಜ್ಜಿ ಇನ್ನೊಂದು ಎಲೆ ಸರಿಸಿದಳು.

ತನಿಖಾ ವರದಿ: ಬಂಗಡೆ ಇನ್ನೂ ಬಿಸಿ ಇತ್ತು. ಎದೆನೋವು ಬಂದವರು ಮೀನು ಕರಿಯುತ್ತ ನಿಲ್ಲುವುದಿಲ್ಲ. ಆದ್ದರಿಂದ ಕರೆ ಸುಳ್ಳು. ಸಾಕ್ಷ್ಯವನ್ನು ಅಧಿಕಾರಿಯೇ ಮುಳ್ಳು ಬಿಡಿಸಿ ನಾಶಪಡಿಸಿದ್ದಾನೆ.

ಮೇ ೧೬, ಶುಕ್ರವಾರ

ಮತ್ತೆ ಐದು. ಇಂದು ತಾರ್ಲೆ ಮೀನು, ಮೇಲೆ ರವೆಯ ಅಲಂಕಾರ. ಅಜ್ಜಿಯ ತುಟಿ ಬಿಳಚಿಕೊಂಡಂತೆ ಕಂಡಿತು. ನಾನು ಎರಡು ತಿಂದೆ.

ಮ್ಯಾನೇಜರ್ ಹೀರಾಬಾಯಿ ಆಫೀಸಿಗೆ ಕರೆಸಿಕೊಂಡರು. ಕಾರವಾರದಿಂದ ಸ್ಕೂಟಿಯಲ್ಲಿ ಬರುವ ಅವರಿಗೆ ಎಲ್ಲವೂ ಸರಿಯಾದ ಜಾಗದಲ್ಲಿರಬೇಕು, ಮುದುಕರೂ ಸೇರಿ. "ರೂಪೇಶ, ಅಲಾರಂ ಅಂದ್ರೆ ಊಟಕ್ಕೆ ಕರೆಯೂ ಗಂಟೆ ಅಲ್ಲ. ನೀನು ಅಲ್ಲಿ ಮೀನು ತಿನ್ನೂವಾಗ ಬೇರೆ ಯಾರಾದ್ರೂ ಎಳೆದ್ರೆ?"

ನನ್ನ ಮೀಸೆಯಲ್ಲಿ ರವೆ ಇತ್ತು.

ಮುಂದಿನ ಆಜ್ಞೆ: ಎಲ್ಲ ಕೋಣೆಗಳ ಒಳಚಿಲಕ ಕಿತ್ತುಹಾಕಬೇಕು. ಮಾಸ್ಟರ್ ಕೀ ಹಾಕಿದರೆ ಯಾವ ಬಾಗಿಲಾದರೂ ತೆರೆಯಬೇಕು. ಏಳನೇ ಕೋಣೆ ಇನ್ನೊಮ್ಮೆ ಆಗಬಾರದು.

ಮೇ ೨೦, ಮಂಗಳವಾರ

ಚಿಲಕ ಸಂಹಾರ ಪರ್ವ. ಸ್ಕ್ರೂಡ್ರೈವರ್ ಎಂಬ ಆಯುಧ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದೆ. ಕೆಲವರು ಬೈದರು, ಕೆಲವರು ಚಾ ಕೊಟ್ಟು ಬೈದರು. ದತ್ತಜ್ಜ, "ತೆಗಿ ತೆಗಿ. ನನ್ನ ಬಸ್ಸಿಗೂ ಬಾಗ್ಲು ಇರ್ಲಿಲ್ಲ" ಎಂದ.

ಐದನೇ ಕೋಣೆಯಲ್ಲಿ ಮಾತ್ರ ಯುದ್ಧ ನಿಂತಿತು. ಗಂಗಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು.

"ತಮಾ, ಬುಟ್ಟಿ ಹೊತ್ಕಂಡ್ ಊರೂರು ತಿರ್ಗಿ, ಮಂದಿ ಜಗ್ಲಿ ಮೇಲೆ, ಬಸ್‌ಸ್ಟ್ಯಾಂಡಲ್ಲಿ ಮಲ್ಗಿದ ಹೆಂಗ್ಸು ನಾನು. ಮುದ್ಕಿ ಆದ್ಮೇಲೆ ಒಂದು ಚಿಲ್ಕ ಸಿಕ್ತು. ಅದೂ ತೆಗೀತ್ಯಾ?"

ಹಾಸ್ಯ ಹೊಳೆಯದೆ ಆಯುಧವನ್ನು ಜೇಬಿಗಿಳಿಸಿದೆ. ಹೀಗಾದದ್ದು ನೆನಪಿನಲ್ಲಿ ಇದೇ ಮೊದಲು.

ಆಮೇಲೆ ಬುದ್ಧಿ ಓಡಿತು. ಬಾಗಿಲು ಅಲ್ಲಾಡುತ್ತಿದೆ, ಚಿಲಕ ಭದ್ರ ಮಾಡಿಕೊಡುತ್ತೇನೆ ಎಂದು ಹೇಳಿ, ಅದರ ಉದ್ದ ಸ್ಕ್ರೂ ತೆಗೆದು, ಗೋಡೆಯ ಕಡೆಯ ತೂತಿಗೆ ಸಾಬೂನಿನ ತುಂಡು ತುರುಕಿ, ಗಿಡ್ಡ ಸ್ಕ್ರೂ ಕೂರಿಸಿದೆ. ಒಳಗಿನಿಂದ ನೋಡಿದರೆ ಕೋಟೆಯ ಬಾಗಿಲು. ಹೊರಗಿನಿಂದ ಬೀಗ ತೆಗೆದು ಒಂದು ಬೆರಳಿಂದ ತಳ್ಳಿದರೆ ಸಾಕು, ಕಳಚಿಕೊಳ್ಳುತ್ತದೆ. ಅಜ್ಜಿ ಹಾಕಿ ನೋಡಿದಳು, ತೆಗೆದು ನೋಡಿದಳು. "ಗಟ್ಟಿ ಅದೆ" ಎಂದಳು. ಹೀರಾಬಾಯಿಗೂ ತೋರಿಸಿದೆ. ಅವರು ನಗಲಿಲ್ಲ, ಬೇಡವೆನ್ನಲೂ ಇಲ್ಲ.

ಅಂಕೋಲೆಯಲ್ಲಿ ನಾನು ಮಾಡಿದ ಯಾವ ಕಿತಾಪತಿಯೂ ಇದರ ಮುಂದೆ ನಿಲ್ಲದು. ಘಂಟಾಧಿಪತಿಗೆ ಜಯವಾಗಲಿ.

ಜೂನ್ ೧, ಭಾನುವಾರ

ಇಂದಿನಿಂದ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿಸಿಕೊಂಡು ಕುಳಿತಿವೆ. ಜಗಲಿಗೆ ಮೀನುಬುಟ್ಟಿ ತರುತ್ತಿದ್ದ ಹೆಂಗಸು, ಆಗಸ್ಟಿಗೆ ಬರುತ್ತೇನೆಂದು ಹೇಳಿ ಹೋದಳು. ರಾಜ್ಯಾದ್ಯಂತ ಶೋಕಾಚರಣೆ ಘೋಷಿಸಿದ್ದೇನೆ. ಮಧ್ಯಾಹ್ನ ಬದನೆಕಾಯಿ ಹುಳಿಯ ಮುಂದೆ ದತ್ತಜ್ಜನೂ ನಾನೂ ಮೌನ ಆಚರಿಸಿದೆವು.

ಮಳೆ ಬಿಡುತ್ತಿಲ್ಲ. ಹಲಗೆಯ ಮೇಲೆ ಒಂದೂ ದೀಪವಿಲ್ಲ. ಐದರಿಂದ ಕರೆ ಬಾರದೆ ಹಲವು ದಿನಗಳಾದವು. "ನೋಡು, ಮೀನು ನಿಂತದ್ದೇ ಎದೆನೋವೂ ನಿಂತಿತು" ಎಂದರು ಹೀರಾಬಾಯಿ. ತರ್ಕಶುದ್ಧವಾಗಿದೆ. ನಾನೂ ತಲೆಯಾಡಿಸಿದೆ.

ಜೂನ್ ೧೦, ಮಂಗಳವಾರ

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಕೊಡಲು ಹೋದಾಗ ಎಷ್ಟು ತಟ್ಟಿದರೂ ಗಂಗಜ್ಜಿ ಬಾಗಿಲು ತೆರೆಯಲಿಲ್ಲ. ಮಾಸ್ಟರ್ ಕೀ ತಿರುಗಿಸಿ ಬೆರಳಿಟ್ಟೆ. ಚಿಲಕ ಕಳಚಿತು. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದಳು, ಕಣ್ಣು ತೆರೆದಿತ್ತು. ಸೀರೆಯೆಲ್ಲ ಒದ್ದೆ. ನಸುಕಿನಲ್ಲೇ ಎದೆ ಹಿಡಿದು ಕುಸಿದದ್ದಂತೆ.

ಕೆಂಪು ಹಗ್ಗ ಅವಳ ಮೊಣಕೈಯ ಮೇಲೇ ಬಿದ್ದಿತ್ತು. ಹಾವನ್ನು ನೋಡುವಂತೆ ಅದನ್ನು ನೋಡುತ್ತಿದ್ದಳು.

ಕಾರವಾರದ ಆಸ್ಪತ್ರೆ. ಸೊಂಟ ಮುರಿದಿಲ್ಲ. ಹೃದಯ ದುರ್ಬಲವಾಗಿದೆ, ಇದು ಮೊದಲನೇ ಸಲವೂ ಅಲ್ಲ ಎಂದರು ಡಾಕ್ಟರು. ಎದೆ ಹಿಡಿದ ಕೂಡಲೇ ಯಾರಾದರೂ ಬಳಿಗೆ ಬಂದರೆ ಉಳಿಸಬಹುದು, ತಡವಾದರೆ ಹೇಳಲಾಗದು. ಮನಿಷಾ ಮಲ್ಲಾಪುರದಿಂದ ಬಂದು ಅತ್ತರು. "ಮೌಶಿ, ನಂ ಮನೇಗೆ ಬಾ" ಎಂದರು. ಅಜ್ಜಿ ಒಪ್ಪಲಿಲ್ಲ.

ಇವತ್ತು ಹೆಚ್ಚು ಬರೆಯಲಾರೆ.

ಜೂನ್ ೧೩, ಶುಕ್ರವಾರ

ಅಜ್ಜಿ ವಾಪಸು ಬಂದಳು. ನನ್ನ ಕೋಣೆ, ನನ್ನ ಬಾಗಿಲು ಎಂದು ಹಟ ಹಿಡಿದು. ಗಂಜಿ ಕೊಡುವಾಗ ಕೇಳಿದೆ.

"ಹಗ್ಗ ಕೈ ಹತ್ರಾನೇ ಇತ್ತಲ್ಲಾ ಅಜ್ಜಿ. ಎಳೀಲಿಲ್ಲ ಎಂತಕ್ಕೆ?"

ಗಂಜಿ ಕಲಕಿದಳು. "ಮನೇಲಿ ಎಂತದೂ ಇರ್ಲಿಲ್ಲಾ ತಮಾ."

"ಎಂತದು ಇರ್ಲಿಲ್ಲ?"

"ಕೊಡೂಕೆ."

ಆಮೇಲೆ ಹೇಳಿದಳು. ಮಂಜಗುಣಿ ದಂಡೆಯಲ್ಲಿ ಬಲೆ ಬಿಟ್ಟು ಎಳೆಯುವ ಹೊತ್ತಿಗೆ ಕೂ ಹಾಕುತ್ತಾರೆ. ಕೂ ಕೇಳಿದವರೆಲ್ಲ ಬಂದು ಹಗ್ಗ ಹಿಡಿಯುತ್ತಾರೆ, ಊರವರು, ದಾರಿಹೋಕರು, ಶಾಲೆ ತಪ್ಪಿಸಿದ ಹುಡುಗರು. ಬಲೆ ಮರಳಿಗೆ ಬಂದ ಮೇಲೆ ಹಿಡಿದವರಿಗೆಲ್ಲ ಪಾಲು. ಹಗ್ಗ ಮುಟ್ಟಿದವನು ಬರಿಗೈಯಲ್ಲಿ ತಿರುಗಿ ಹೋಗಬಾರದು. ಗಂಡ ಸೋಮುವಿಗೆ ಸ್ವಂತದ್ದೊಂದು ಸಣ್ಣ ಬಲೆ ಇತ್ತು. ಒಂದು ದಿನ ಅವನು ಕೂ ಹಾಕಿದ. ದಂಡೆ ತುಂಬ ಮಂದಿ ಬಂದರು. ಉಸಿರು ಹೋಗುವಂತೆ ಎಳೆದರು. ಬಲೆಯಲ್ಲಿ ಬರೀ ಕಸ.

"ಮಂದಿ ಎಂತದೂ ಹೇಳ್ಲಿಲ್ಲ. ಕೈ ಕೊಡವ್ಕಂಡು ಹೊರಟ್ರು. ಇವ ಓಡ್ಕಂಡ್ ಮನೇಗ್ ಬಂದು ಅಕ್ಕಿ ಮಡ್ಕೆ ಹೊತ್ಕಂಡ್ ಹೋದ. ಒಬ್ಬೊಬ್ಬರ ಪಂಚೆಗೂ ಮುಷ್ಟಿ ಮುಷ್ಟಿ ಹಾಕ್ದ. ಮಡ್ಕೆ ಬರಿದಾಯ್ತು. ಆ ಮೇಲೆ ಅವ ಕೂ ಹಾಕ್ಲೇ ಇಲ್ಲಾ ತಮಾ. ಬಲೆ ಮಾಡಿಗೆ ಕಟ್ಟಿಟ್ಟ. ಸಾಯೂ ತನಕ ಮಂದಿ ಹಗ್ಗ ಎಳ್ದ."

"ಅಜ್ಜಿ, ಇದು ವಾಯರು. ಇದರ ತುದೀಲಿ ಬಲೆ ಇಲ್ಲ, ಆಫೀಸದೆ."

"ಎಳೂದು ಹಗ್ಗ. ಬರೂರು ಮಂದಿ. ಮತ್ತೆಂತ ಬೇಕು?"

"ನಂಗೆ ಸಂಬಳ ಕೊಡ್ತಾರೆ ಅಜ್ಜಿ!"

"ಅದು ಅವ್ರು ಕೊಡೂದು. ಕರ್ದದ್ದು ನಾನು."

ನಕ್ಕೆ. ಜೋರಾಗಿಯೇ ನಕ್ಕೆ. ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿದಾಗ ಆ ಬಂಗಡೆ ನೆನಪಾಯಿತು. ಇನ್ನೂ ಬಿಸಿ ಇತ್ತು. ಎದೆ ಹಿಡಿದುಕೊಂಡು ಒಲೆಯ ಮುಂದೆ ನಿಂತು, ಮೊದಲು ಮೀನು ಕರಿದು, ಎಲೆಗೆ ಹಾಕಿ, ಆಮೇಲೆ ಹಗ್ಗ ಎಳೆದಿದ್ದಳು.

ಎಲ್ಲ ಕರೆಗಳೂ ನಿಜವಾಗಿದ್ದವು. ನಾನು ಮುಳ್ಳು ಬಿಡಿಸಿಕೊಂಡು ತಿಂದೆ.

ಜೂನ್ ೧೬, ಸೋಮವಾರ

ರಾಜಶಾಸನ ಹೊರಡಿಸಿದೆ: "ಬಿಣಗಾ ಸಂಸ್ಥಾನದಲ್ಲಿ ಹಗ್ಗ ಹಿಡಿದವರಿಗೆ ಪಾಲು ಕೊಡುವ ಪದ್ಧತಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ." ಅಜ್ಜಿಯ ಮುಂದೆ ನಿಂತು ಓದಿದೆ. ಓದಿ ಮುಗಿಸಿದ ಮೇಲೆ, "ಚಲೋ ಓದ್ತ್ಯಾ" ಎಂದಳು. ಅಷ್ಟೇ.

ಹೀರಾಬಾಯಿಗೆ ಹೇಳಿದೆ. ಅವರೂ ಹೋಗಿ ಕುಳಿತು ಒಂದು ಗಂಟೆ ತಿಳಿಹೇಳಿದರು. ಅಜ್ಜಿ ಎಲ್ಲದಕ್ಕೂ "ಹೌದು ಬಾಯೀ" ಎಂದಳು. ಹೊರಗೆ ಬಂದು ಹೀರಾಬಾಯಿ ಕನ್ನಡಕ ಒರೆಸಿಕೊಂಡರು. "ಇವಳು ಎಳೆಯೂದಿಲ್ಲ ರೂಪೇಶ."

ಶಾಸನದಿಂದ ಆಗದ್ದು ಒಣ ಸಿಗಡಿಯಿಂದ, ನಮ್ಮ ಶೆಟ್ಲಿಯಿಂದ, ಆದೀತು ಎಂದು ಅಂಕೋಲೆಗೆ ಹೋಗಿ ಆಯಿಯ ಅಟ್ಟದ ಮೇಲಿನ ಚೀಲ ಇಳಿಸಿದೆ. ದಾನವಾಗಿ ಕೊಟ್ಟರೆ ಅಜ್ಜಿ ಮುಟ್ಟುವುದಿಲ್ಲ. ಆದ್ದರಿಂದ ಆಯಿಯ ಕೈಯಿಂದ ಫೋನು ಮಾಡಿಸಿದೆ: "ಗಂಗಕ್ಕಾ, ನಂಗೆ ಕಣ್ಣು ಕಾಣೂದಿಲ್ಲ, ಶೆಟ್ಲಿ ತಲೆ ತೆಗ್ದು ಹಸನ ಮಾಡ್ಕೊಡು, ಅರ್ಧ ನಿಂಗೆ." ಕಣ್ಣು ಕಾಣದ ಆಯಿ ಸೂಜಿಗೆ ಕತ್ತಲಲ್ಲೂ ದಾರ ಪೋಣಿಸುತ್ತಾಳೆ. ಅದಿರಲಿ.

ಅಜ್ಜಿ ದಿನವಿಡೀ ಕುಳಿತು ಹಸನು ಮಾಡಿದಳು. ತನ್ನ ಅರ್ಧವನ್ನು ಹಳೆಯ ಬಿಸ್ಕೀಟಿನ ಡಬ್ಬಿಗೆ ತುಂಬಿ, ಮಂಚದ ಪಕ್ಕ, ಹಗ್ಗದ ಕೆಳಗೆ ಇಟ್ಟಳು.

ಜೂನ್ ೨೪, ಮಂಗಳವಾರ

ಬಾರಿಸಿತು! ಬಾರಿಸಿತು! ಐದು! ಇಷ್ಟು ಸಂತೋಷದಿಂದ ಯಾರೂ ಯಾರ ಎದೆನೋವಿಗೂ ಓಡಿರಲಾರರು.

ಅಜ್ಜಿ ಮಂಚದ ಮೇಲೆ ಬಗ್ಗಿಕೊಂಡಿದ್ದಳು, ಮಾತು ಹೊರಡುತ್ತಿರಲಿಲ್ಲ. ಮಾತ್ರೆ ನಾಲಗೆಯ ಕೆಳಗಿಟ್ಟೆ, ಆಂಬುಲೆನ್ಸು ಕರೆದೆ. ಆ ಸ್ಥಿತಿಯಲ್ಲೂ ಡಬ್ಬಿಗೆ ಕೈ ಹಾಕಿ ನನಗೊಂದು ಮುಷ್ಟಿ ಕೊಟ್ಟಳು. ಆಂಬುಲೆನ್ಸಿನ ಇಬ್ಬರಿಗೂ ಮುಷ್ಟಿ ಮುಷ್ಟಿ. ಅವರು ನನ್ನ ಮುಖ ನೋಡಿದರು. "ಇಟ್ಕಳಿ ಇಟ್ಕಳಿ, ಇಲ್ಲಿಯ ಪದ್ಧತಿ" ಎಂದೆ ಗಂಭೀರವಾಗಿ.

ಬೇಗ ತಂದಿರಿ, ಒಳ್ಳೆಯದಾಯಿತು ಎಂದರು ಡಾಕ್ಟರು. ಎರಡು ದಿನ ಇಟ್ಟುಕೊಂಡು ಕಳಿಸುತ್ತಾರಂತೆ.

ಜೇಬಿನ ತುಂಬ ಒಣ ಶೆಟ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋದರು. ಹೋಗಲಿ.

ಜುಲೈ ೨, ಬುಧವಾರ

ನಾಲ್ಕನೇ, ಎಂಟನೇ, ಹತ್ತನೇ ಕೋಣೆಯವರು ದೂರು ಕೊಟ್ಟಿದ್ದಾರೆ. ಮಳೆಯ ಥಂಡಿಗೆ ಶೆಟ್ಲಿ ಮೆತ್ತಗಾಗಿ ಸಾಲಿಡೀ ನಾರುತ್ತಿದೆ. ಬೆಕ್ಕುಗಳು ಜಗಲಿಯಲ್ಲಿ ಧರಣಿ ಕುಳಿತಿವೆ. ಎಂಟನೆಯವರು ಮೀನು ಮುಟ್ಟದವರು, ವಾಸನೆಗೆ ಎರಡು ದಿನ ಊಟ ಬಿಟ್ಟಿದ್ದಾರೆ. ಅವರದೂ ಸುಳ್ಳಲ್ಲ. ಹೀರಾಬಾಯಿ ಬಹಳ ಬೇಸರದಿಂದಲೇ ಹೇಳಿದರು: "ಕೋಣೇಲಿ ಬೇಡ. ನೀನೇ ತೆಗಿ. ನಾನು ತೆಗೆದ್ರೆ ಅವಳು ಸಹಿಸೂದಿಲ್ಲ."

ತೆಗೆದೆ. ಆದರೆ ಘಂಟಾಧಿಪತಿಯ ಮಿದುಳಿಗೆ ತುಕ್ಕು ಹಿಡಿದಿಲ್ಲ. ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಫೀಸಿನ ಕಪಾಟಿನಲ್ಲಿಟ್ಟು, ಅಜ್ಜಿಗೆ ಹೇಳಿದೆ: "ಡಬ್ಬಿ ನಿಂದೇ. ನೀ ಎಳೆದ ಕೂಡ್ಲೇ ನಾನು ಡಬ್ಬಿ ಹಿಡ್ಕಂಡೇ ಓಡ್ಬತ್ತೆ. ಪಾಲು ಕೊಡೂಕೆ ಅಡ್ಡಿ ಇಲ್ಲ."

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ನೀನೇ ತಂದು ನೀನೇ ತಿಂದ್ರೆ ಅದು ಪಾಲಲ್ಲಾ ತಮಾ. ಬುತ್ತಿ."

ಭಲೇ ಮಾತು! ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಸಮಸ್ಯೆ ಬಗೆಹರಿಯಿತು.

ಜುಲೈ ೬, ಭಾನುವಾರ

ಪೇಪರ್‌ಮಿಂಟಿನ ಪೊಟ್ಟಣ ತಂದುಕೊಟ್ಟೆ. ನಾರುವುದಿಲ್ಲ, ಕೆಡುವುದಿಲ್ಲ, ಬೆಕ್ಕು ಬರುವುದಿಲ್ಲ.

"ಮೀನ್ಗಾರ್ತಿ ಕೈಯಿಂದ ಪೇಪರ್‌ಮಿಂಟಾ? ಮಂದಿ ನಗ್ತಾರೆ" ಎಂದು ನನಗೇ ತಿರುಗಿ ಕೊಟ್ಟಳು. ಹಲಗೆಯ ಮುಂದೆ ಕುಳಿತು ಒಂದೊಂದೇ ಚೀಪುತ್ತಿದ್ದೇನೆ. ದೀಪವಿಲ್ಲ. ಮಳೆ.

ಕುರ್ಚಿಯನ್ನು ತಿರುಗಿಸಿದ್ದೇನೆ. ಏಳನೇ ಕೋಣೆ ಕಂಡರೆ ಕಾಣಲಿ, ಐದು ಕಾಣಬೇಕಲ್ಲ.

ಜುಲೈ ೯, ಬುಧವಾರ

ಒಳ್ಳೆಯ ಸುದ್ದಿ. ಅಜ್ಜಿ ಅಂಗಡಿಯಿಂದ ಅಕ್ಕಿ, ಒಂದು ತೆಂಗಿನಕಾಯಿ, ಬೆಲ್ಲ ತರಿಸಿಕೊಂಡಳು. ಗಂಜಿಯೂ ಬೇಡವೆನ್ನುತ್ತಿದ್ದವಳು! ಪೋಳೆ, ಅಂದರೆ ದೋಸೆ, ಹೊಯ್ಯುತ್ತಾಳಂತೆ. ದಿನಾ ಅಕ್ಕಿ ನೆನೆಸಿಡುತ್ತೇನೆ, ಹಿಟ್ಟು ಯಾವಾಗಲೂ ತಯಾರಿರಬೇಕು ಎಂದಳು. ಹಸಿವು ಮರಳಿತಲ್ಲ ಎಂದು ಮನಿಷಾಗೆ ಫೋನು ಮಾಡಿ ಹೇಳಿದೆ. ಅವರಿಗೂ ಸಮಾಧಾನವಾಯಿತು.

ಜುಲೈ ೧೧, ಶುಕ್ರವಾರ

ಬೆಳಿಗ್ಗೆ ಜಗಲಿಯಲ್ಲಿ ಸುಟ್ಟ ವಾಸನೆ ಬಂತು.

ಬೀಗ ತೆಗೆದು ಬೆರಳಿಟ್ಟೆ. ಬಾಗಿಲು ತೆರೆಯಿತು. ಎಷ್ಟು ಸುಲಭವಾಗಿ ತೆರೆಯಿತು.

ಅಜ್ಜಿ ಒಲೆಕಟ್ಟೆಯ ಬುಡದಲ್ಲಿದ್ದಳು. ಕೈಯಲ್ಲಿ ಸಟ್ಟುಗ. ಕಾವಲಿಯ ಮೇಲಿನ ಪೋಳೆ ಕರಕಲಾಗಿತ್ತು. ಕಟ್ಟೆಯ ಮೇಲೆ ಎರಡು ತಟ್ಟೆ. ಒಂದರಲ್ಲಿ ಪೋಳೆ, ಪಕ್ಕದಲ್ಲಿ ಕಾಯಿಬೆಲ್ಲ. ಇನ್ನೊಂದು ಖಾಲಿ. ಮಂಚದ ಮೇಲಿನ ಹೊದಿಕೆ ನೆಲಕ್ಕೆ ಎಳೆದುಕೊಂಡು ಬಂದಿತ್ತು, ಒಲೆಯ ಕಡೆಗೆ. ಹಗ್ಗ ಇದ್ದದ್ದು ಮಂಚದ ಪಕ್ಕದಲ್ಲಿ. ಅದನ್ನು ದಾಟಿಕೊಂಡು ಬಂದಿದ್ದಳು.

ಆಂಬುಲೆನ್ಸಿನ ಅದೇ ಇಬ್ಬರು. ಒಬ್ಬ ಅವಳ ಕೈ ಹಿಡಿದು ನೋಡಿ ಕೆಳಗಿಟ್ಟ. ನೋವು ಶುರುವಾದಾಗಲೇ ಕರೆದಿದ್ದರೆ ಎನ್ನುತ್ತ ಸ್ಟ್ರೆಚರ್ ಬಿಚ್ಚಿದ.

ಅವರು ಬರುವ ಮುಂಚೆ ತಟ್ಟೆಯನ್ನು ಎತ್ತಿ ಬದಿಗಿಡಲು ಮುಟ್ಟಿದ್ದೆ. ಪೋಳೆ ಇನ್ನೂ ಬಿಸಿ ಇತ್ತು.

ಜುಲೈ ೧೪, ಸೋಮವಾರ

ಮಂಜಗುಣಿಗೆ ಒಯ್ದರು. ನಾನೂ ಹೆಗಲು ಕೊಟ್ಟೆ. ಮಳೆಗೆ ಕಟ್ಟಿಗೆ ಹತ್ತಲಿಲ್ಲ, ಬಹಳ ಹೊತ್ತು ಹಿಡಿಯಿತು.

ಇಂದು ಅಲಾರಂ ಕಂಪನಿಯವನು ಬಂದು ಐದನೇ ಕೋಣೆಯ ಹಗ್ಗ ಎಳೆದು ನೋಡಿದ. ಮತ್ತೆ ಎಳೆದ. ಸರಿಯಾಗಿದೆ. ಬಾಗಿಲೂ ಸರಿಯಾಗಿತ್ತು, ಹೊರಗಿನಿಂದ ತೆರೆಯಿತು. ಹೀರಾಬಾಯಿ ವಸತಿ ನಡೆಸುವ ಟ್ರಸ್ಟಿಗೆ ಹಾಗೇ ತಿಳಿಸಿದರು. ತಿಳಿಸಿ, ಫೋನು ಕೆಳಗಿಟ್ಟರು. "ಎಲ್ಲಾ ಸರಿ ಇತ್ತಲ್ಲೋ ರೂಪೇಶ" ಎಂದರು.

ಸಂಜೆ ದತ್ತಜ್ಜನಿಗೆ ಊಟ ಕೊಡಲು ಹೋದೆ.

"ಆ ಚಿಲ್ಕ ಸುಳ್ಳು ಅಂತ ಗಂಗೂಗೆ ಗೊತ್ತಿತ್ತೋ" ಎಂದ.

"ಗೊತ್ತಿತ್ತಾ? ಯಾವಾಗಿಂದ?"

"ಮೊದ್ಲನೇ ದಿನದಿಂದ. ಸಾಬೂನಿನ ಪರಿಮಳ ಬಂದಿತ್ತಂತೆ. ಹುಡ್ಗ ಅಷ್ಟು ಕಷ್ಟ ಪಟ್ಟು ಮಾಡಾನೆ, ಹಾಕ್ದೇ ಇದ್ರೆ ಬೇಜಾರಾಗ್ತದೆ ಅವಂಗೆ ಅಂತಿದ್ಲು. ದಿನಾ ಹಾಕ್ತಿದ್ಲು."

ಊಟದ ತಟ್ಟೆ ಅಲ್ಲೇ ಇಟ್ಟು ಬಂದೆ.

ಜುಲೈ ೧೮, ಶುಕ್ರವಾರ

ಐದನೇ ಕೋಣೆ ಖಾಲಿಯಾಯಿತು. ಮನಿಷಾ ಮತ್ತು ಅವರ ಗಂಡ ಪಾತ್ರೆ, ಸೀರೆ, ಮಂಚ ಒಯ್ದರು. ಆಫೀಸಿನ ಕಪಾಟಿನಲ್ಲಿದ್ದ ಡಬ್ಬಿಯನ್ನೂ ಕೊಟ್ಟೆ. "ಇದೆಂತದು?" ಎಂದರು. ಮೌಶಿಯದು ಎಂದೆ. ಮುಂದಿನ ವಾರ ಬೇರೆಯವರು ಬರುತ್ತಾರಂತೆ. ಚಿಲಕ ಕಿತ್ತುಹಾಕು ಎಂದಿದ್ದಾರೆ. ಅದಕ್ಕಾಗಿ ಸ್ಕ್ರೂಡ್ರೈವರ್ ಹಿಡಿದು ಹೋದೆ.

ಒಂದು ಸ್ಕ್ರೂ ಕೈಯಿಂದಲೇ ಬಂತು. ಇನ್ನೊಂದನ್ನು ಹಾಗೇ ಬಿಟ್ಟೆ.

ಗೋಡೆಯಲ್ಲಿ ಹಗ್ಗ ತೂಗುತ್ತಿತ್ತು. ಎಳೆದೆ. ಯಾಕೆ ಎಳೆದೆ ಎಂದು ಕೇಳಿದರೆ ಹೇಳಲಾರೆ. ಆಚೆ ಆಫೀಸಿನಲ್ಲಿ ಅಲಾರಂ ಡಬ್ಬಿ ಕಿರುಚಿಕೊಂಡಿತು. ಹೀರಾಬಾಯಿ ಕಾರವಾರಕ್ಕೆ ಹೋಗಿದ್ದರು. ಓಡಿ ಬರಬೇಕಾದವನು ಇಲ್ಲೇ ಇದ್ದ. ನಿಲ್ಲಿಸಬೇಕೆಂದರೆ ಅಲ್ಲಿಗೆ ಹೋಗಬೇಕು. ನಾನು ಹೋಗಲಿಲ್ಲ. ಒಲೆಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಕಿರುಚುತ್ತಲೇ ಇತ್ತು. ಯಾರೂ ಬರುವುದಿಲ್ಲ ಎಂಬುದು ಹೇಗಿರುತ್ತದೆ ಎಂದು ಅಲ್ಲಿ ಕುಳಿತು ನೋಡಿದೆ. ಎಷ್ಟು ಹೊತ್ತಾಯಿತೋ.

ಜಗಲಿಯಲ್ಲಿ ವಾಕರಿನ ಸದ್ದು. ಕುಟ್ಟಿ ನಿಂತು, ಕುಟ್ಟಿ ನಿಂತು ಬರುತ್ತಿತ್ತು. ತಿರುವಿನಲ್ಲಿ ಹಾರ್ನ್ ಕೇಳಲಿಲ್ಲ. ದತ್ತಜ್ಜ ಬಾಗಿಲು ಹಿಡಿದು ನಿಂತ. ಇರಚಲಿಗೆ ಒಂದು ಮಗ್ಗುಲು ಪೂರ್ತಿ ನೆನೆದಿತ್ತು, ಉಸಿರು ಮೇಲಕ್ಕೂ ಕೆಳಕ್ಕೂ.

"ಎಂತಾ ಆಯ್ತೋ? ಯಾರು ಎಳ್ದದ್ದು?"

"ನಾನು."

"ಎಂತಕ್ಕೆ?"

ಆಫೀಸಿನ ತನಕ ಹೋಗಿ ಹಲಗೆಯ ದೀಪ ನೋಡಿಕೊಂಡು ಅವನು ಬಂದಿದ್ದ, ಆ ಕಾಲಿನಲ್ಲಿ, ಆ ಮಳೆಯಲ್ಲಿ. ನನ್ನ ಕಿವಿ ಬಿಸಿಯಾಯಿತು. ಎದ್ದು ಒಲೆಕಟ್ಟೆ ನೋಡಿದೆ, ಖಾಲಿ. ಗೋಡೆಯ ಕಪಾಟು ತೆಗೆದೆ, ಅದೂ ಖಾಲಿ. ಶೆಟ್ಲಿಯ ಡಬ್ಬಿಯನ್ನು ಬೆಳಿಗ್ಗೆಯಷ್ಟೇ ಕೊಟ್ಟುಬಿಟ್ಟಿದ್ದೆ.

"ಎಂತ ಹುಡ್ಕ್ತ್ಯಾ ಮಾರಾಯಾ? ಸಮಾ ಇದ್ಯಲ್ಲಾ ನೀ? ಹಂಗಾರೆ ನಾ ಹೋಗ್ತೆ" ಎಂದು ವಾಕರ್ ತಿರುಗಿಸತೊಡಗಿದ.

"ನಿಂತ್ಕ ಅಜ್ಜಾ. ನಿಂತ್ಕ. ಒಂದ್ ಗಳಿಗೆ."

ಅಂಗಿಯ ಜೇಬು ತಡಕಿದೆ, ಪ್ಯಾಂಟಿನ ಜೇಬು ತಡಕಿದೆ. ಬೀಗದಕೈಗಳ ಅಡಿಯಲ್ಲಿ ಒಂದು ಪೇಪರ್‌ಮಿಂಟ್ ಸಿಕ್ಕಿತು. ಮಳೆಯ ತೇವಕ್ಕೆ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. ಕಾಗದ ಬಿಡಿಸಲು ಬರಲಿಲ್ಲ. ಹಾಗೆಯೇ ಮುಂದೆ ಹಿಡಿದೆ.

ದತ್ತಜ್ಜ ನನ್ನನ್ನೂ ಅದನ್ನೂ ನೋಡಿದ. ಆಮೇಲೆ ವಾಕರಿನಿಂದ ಒಂದು ಕೈ ಬಿಡಿಸಿ ಚಾಚಿದ.